ಅರ್ಜಿಯ ಮೂರನೇ ಕಾಲಂ

ಬಾಗಲಕೋಟಿ ನವನಗರದ ಠಾಣೆದಾಗ
ಬೆಂಚಿನ ಮ್ಯಾಲ ಕುಂತು ಅರ್ಜಿ ತುಂಬಾಕತ್ತೀನಿ.
ಹೆಸರು: ವೀರಭದ್ರಪ್ಪ ಅಲದಿ.
ಊರು: ಗುಳೇದಗುಡ್ಡ. ಕಸಬು: ಖಣದ ನಕ್ಷೆ ತೆಗೆಯೂದು.
ಮೂರನೇ ಕಾಲಂ: ಕೃತ್ಯ ಎಸಗಿದವರು ಯಾರು?
ಇಲ್ಲಿ ಪೆನ್ನು ನಿಂತೈತಿ.

ಹೊಸ ಕಂಪ್ಯೂಟರಿನ ಜೋಡಿ ಒಬ್ಬ ಕಾವಲುಗಾರ
ಪುಕ್ಕಟೆ ಬಂದಿದ್ದ.
ಪುಕ್ಕಟೆ ಬಂದದ್ದಕ್ಕ ನಮ್ಮ ಓಣ್ಯಾಗ ಕಿಮ್ಮತ್ತಿಲ್ಲ,
ಖಣದ ಜೋಡಿ ಕೊಡೂ ಚೀಲ ಇದ್ದಂಗ.
ಮೂಲ್ಯಾಗ ಒಂದು ಸಣ್ಣ ಗುರಾಣಿ,
ಅದರ ಮ್ಯಾಲ ಹಸಿರು ಟಿಕ್ಕು.
ಪಗಾರ ಕೇಳಲಿಲ್ಲ, ಚಹಾ ಕೇಳಲಿಲ್ಲ.

ನಕ್ಷೆಯ ಸಾಫ್ಟ್‌ವೇರಿಗೆ ಎಂಬತ್ತು ಸಾವಿರ.
ಅದಽ ಸಾಫ್ಟ್‌ವೇರು, ಕೀಲಿ ಮುರದದ್ದು,
ಪೆನ್‌ಡ್ರೈವಿನ್ಯಾಗ ಇನ್ನೂರು ರೂಪಾಯಿ.
ಒಳಗೊಂದು ಚೀಟಿ:
'ಮೊದಲು ಆಂಟಿವೈರಸ್ ಬಂದ್ ಮಾಡ್ರಿ.'

ಕಳ್ಳ ಬಾಗಿಲಿಗೆ ಬಂದು
'ನಾಯಿ ಕಟ್ಟಿ ಹಾಕ್ರಿ, ಒಳಗ ಬರತೀನಿ' ಅಂದ್ರ
ಯಾರಾದ್ರೂ ಕಟ್ಟತಾರೇನು?
ನಾ ಕಟ್ಟಿದೆ.
ಬೀಗರು ಬಂದಂಗ ಕುರ್ಚಿ ಸರಿಸಿ ಕೊಟ್ಟೆ.

ಕಾವಲುಗಾರ ಕೇಳಿದ: ಖರೇನ ಬಂದ್ ಮಾಡ್ಲ್ಯಾ?
ಹೂಂ ಅಂದೆ.
ಸ್ವಲ್ಪ ಹೊತ್ತಿಗೆ ತಾನಽ ಎದ್ದು ಬಂದ,
ಪೆನ್‌ಡ್ರೈವಿನ ಗಂಟು ಮೂಸಿ ಹೊರಗ ಒಗದ.
ಮತ್ತ ಬಂದ್ ಮಾಡಿದೆ.
ಮರುದಿನ ಮಶೀನು ಚಾಲೂ ಆದ್ರ ಮತ್ತ ಅಲ್ಲೇ,
ಏನೂ ಆಗಿಲ್ಲ ಅನ್ನೂ ಮಾರಿ ಹೊತ್ತು.
ಮನ್ಯಾಗಿನ ಹಿರಿಯರಿಗೂ ಇಷ್ಟು ತಾಳ್ಮಿ ಇರೂದಿಲ್ಲ.
ಮೂರನೇ ಸಲ, ಮೊಬೈಲಿನ್ಯಾಗ ಯಾರದೋ ವಿಡಿಯೋ ನೋಡಿ
ಅವ ಎಂದೂ ಏಳದಂಗ ಮಲಗಿಸಿದೆ.

ಹನ್ನೊಂದು ದಿನ ಏನೂ ಆಗಲಿಲ್ಲ.
ಇದನ್ನ ಅರ್ಜಿಯೊಳಗ ಎಲ್ಲಿ ಬರೀಲಿ?
ಮಶೀನು ಹಗುರಾಗಿ ಓಡತಿತ್ತು,
ನನ್ನ ಕಣ್ಣಿಗೆ ನಾನಽ ಶಾಣ್ಯಾ ಕಂಡಿದ್ದೆ.

ಹನ್ನೆರಡನೇ ಮುಂಜಾನೆ
ಕಡ್ಲಿಕಾಳು, ಆನಿಹೆಜ್ಜಿ, ಸೂರ್ಯನ ಮಾರಿ, ಕೋಳಿಕಾಲು,
ಆರು ವರ್ಷದ ಇನ್ನೂರ ಹದಿನಾಲ್ಕು ನಕ್ಷೆ,
ಒಂದೊಂದರ ಹೆಸರಿನ ಹಿಂದ ಗುರುತಿಲ್ಲದ ಬಾಲ.
ಎಲ್ಲಾ ಅಲ್ಲೇ ಅದಾವ, ಒಂದೂ ತೆರೆಯೂದಿಲ್ಲ.
ನಡುವ ಒಂದು ಕಾಗದ, ಭಾಳ ಮರ್ಯಾದಿ ಮಾತು:
ಕಣ್ಣಿಗೆ ಕಾಣದ ರೊಕ್ಕ ಕೊಡ್ರಿ,
ಕೀಲಿಕೈ ಕೊಡತೀವಿ.
ಬ್ಯಾಂಕಿನ ಗುಟ್ಟಿನ ಅಂಕಿ ಮೊದಲಽ ಹೋಗಿತ್ತು.
ಪುಣೆದ ಅಂಗಡಿಗೆ ನನ್ನ ಹೆಸರಿಲೆ
ನಾ ಬರೀದ ಪತ್ರ ಹೋಗಿತ್ತು,
ಅಲ್ಲಿ ಲೆಕ್ಕ ಬರಿಯೂ ಹುಡುಗಿ ನಂಬಿ ತೆರೆದಳಂತ.
ಅಲದಿಯವರ ಪತ್ರ ಅಲ್ಲೇನು,
ಯಾಕ ನಂಬಬಾರದು?

ಬಾಜೂ ಮನಿ ನಿಂಗವ್ವ ಚಿಲ್ಲಾಳ
ಅಟ್ಟದಿಂದ ಹಳೇ ಜಕಾರ್ಡ್ ರಟ್ಟು ಇಳಿಸಿ
ಬಿಸಿಲಿಗೆ ಹಿಡದ್ಲು.
ತೂತಿನಾಗಿಂದ ಬೆಳಕು ನೆಲಕ್ಕ ಬಿತ್ತು.
ಅರ್ಧ ಸೂರ್ಯ. ಉಳಿದದ್ದು ಇಲಿ ತಿಂದಿತ್ತು.
'ತೂತು ಇರೂದು ತಪ್ಪಲ್ಲೋ ತಮ್ಮಾ,
ಇದಕ್ಕೂ ಅದಾವ.
ಯಾವ ತೂತಿನ್ಯಾಗ ಏನು ಹಾಯತೈತಿ ಅಂತ
ನೋಡಾವ ಒಬ್ಬ ಇರಬೇಕು.'
ರಟ್ಟಿನ ಧೂಳು ಝಾಡಿಸಿ ಒಳಗ ಹೋದ್ಲು,
ಒಲಿ ಮ್ಯಾಲ ಅಂಬಲಿ ಉಕ್ಕಾಕತ್ತಿತ್ತು.

ಹವಾಲ್ದಾರ ಗಡಿಯಾರ ನೋಡತಾನ.
'ಅಪರಿಚಿತರು ಅಂತ ಬರೀರಿ,
ಎಲ್ಲಾರೂ ಅದನ್ನಽ ಬರೀತಾರ.'
ಬರದೆ.
ಅದರ ಕೆಳಗ ಸಹಿ ಮಾಡಿದೆ.
ಪ್ರಶ್ನೆಯ ಕೆಳಗ ಉತ್ತರ ಇದ್ದಂಗ
ನನ್ನ ಹೆಸರು ಕುಂತಿತ್ತು.
ಹವಾಲ್ದಾರ ಓದದಽ
ಸಿಕ್ಕಾ ಒತ್ತಿದ.